ಬಿಸಿಲು ತಿಂದ ಕೆಂಪು

ಕಾರು ರಿಪೇರಿ ಶೆಡ್ಡಿನ ಬಣ್ಣದ ಕೋಣೆಯ ಫ್ಯಾನನ್ನು ಮಾಲೀಕನೇ ಕಿತ್ತು ಹಾಕಿಸಿದ. ಅದು ಎಬ್ಬಿಸುವ ಧೂಳು ಹಸಿ ಬಣ್ಣದ ಮೇಲೆ ಕೂರುತ್ತಿತ್ತು. ಅಂದಿನಿಂದ ಪೇಂಟರ್ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಗನ್ ಹಿಡಿದ. ಈಗ ನಡುಮನೆಯಲ್ಲಿ ಮಲಗಿದ್ದಾನೆ.

ಶವದ ಗಾಡಿ ಇನ್ನೂ ಬಂದಿರಲಿಲ್ಲ. ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಳಗಿದ್ದವರು ಹೊರಗೆ, ಹೊರಗಿದ್ದವರು ಒಳಗೆ.

"ಉಗುರು ನೋಡೇ," ಸತ್ತವನ ಅಕ್ಕ ಅವನ ಹೆಂಡತಿಗೆ ಹೇಳಿದಳು. "ಅಷ್ಟು ತೊಳೆದ್ರೂ ಕೆಂಪು ಹೋಗಿಲ್ಲ."

"ಎಲ್ಲಿ ಹೋಗುತ್ತಕ್ಕ? ಯಾವತ್ತೂ ಒಂದು ಕೋಟ್ ಜಾಸ್ತಿನೇ ಹೊಡೆಯೋನು," ಎಂದ ಫಿಟ್ಟರ್, ಸತ್ತವನ ಜೊತೆ ಅದೇ ಶೆಡ್ಡಿನಲ್ಲಿ ದುಡಿದವನು. ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ.

ಮಾಲೀಕ ಬಂದ. ಕೈ ಮುಗಿದ. ಗಡಿಯಾರ ನೋಡಿಕೊಂಡ. ಆಮೇಲೆ ಸತ್ತವನ ಹೆಂಡತಿಯ ಬಳಿ ಬಗ್ಗಿ, "ಒಂದೇ ನಿಮಿಷ ಬಾಗಿಲ ಹತ್ರ ಬನ್ನಿ ಅಮ್ಮ. ಬೆಳಕಿಗೆ," ಎಂದ.

*

ಅವನ ಕೊನೆಯ ಕೆಲಸ, ಬಿಸಿಲಿಗೆ ಮಾಸಿದ ಒಂದು ಕೆಂಪು ಸ್ಪೋರ್ಟ್ಸ್ ಕಾರು. ಅದರ ಮೂತಿ ಪುಡಿಯಾಗಿತ್ತು. ಅಸಲಿ ಬಂಪರ್ ಎಲ್ಲೂ ಸಿಗದೆ ಬೇರೆ ಕಂಪನಿಯ ಫೈಬರಿನದು ತರಿಸಿದರು. ಫಿಟ್ಟರ್ ಅದರ ಅಂಚು ಉಜ್ಜಿ ಉಜ್ಜಿ ಕೂರಿಸಿದ. ಬಣ್ಣ ಹೊಂದಿಸುವುದು ಉಳಿಯಿತು. ಟ್ಯೂಬ್‌ಲೈಟಿನಲ್ಲಿ ಒಂದೇ ಅನ್ನಿಸುವ ಕೆಂಪುಗಳು ಬಿಸಿಲಿಗೆ ಬಂದರೆ ಬೇರೆಯಾಗುತ್ತವೆ. ಪೇಂಟರನ ಕಣ್ಣು ಉರಿದುರಿದು ಮಂಜಾಗಿತ್ತು. ತಗಡಿನ ಚೂರುಗಳಿಗೆ ಬಣ್ಣ ಹೊಡೆದು ಮನೆಗೆ ತರುತ್ತಿದ್ದ. ನೋಡಿ ಹೇಳುವವಳು ಹೆಂಡತಿ.

"ಡಬ್ಬಿ ಕೆಂಪಲ್ಲ ಕಣೇ, ಬಿಸಿಲು ತಿಂದ ಕೆಂಪು ಬೇಕು."

"ನಮ್ಮ ಕಿಟಕಿ ಪರದೆ ತಗೊಂಡ್ಹೋಗಿ ಸುತ್ತಿಬಿಡಿ. ಅದನ್ನೂ ಬಿಸಿಲೇ ತಿಂದಿರೋದು."

ಅವನು ನಕ್ಕ. ಉಸಿರು ಸಿಕ್ಕಿಕೊಂಡಿತು.

"ಫ್ಯಾನ್ ವಿಷಯ ಕೇಳಿದ್ರಾ?"

"ಕೇಳ್ದೆ. ಈ ಕಾರೊಂದು ಹೋಗ್ಲಿ ಅಂದ್ರು."

"ಹೋದ ಸಲನೂ ಯಾವುದೋ ಕಾರು ಹೋಗ್ಬೇಕಿತ್ತು."

*

ಮಾಲೀಕ ಹೊಸ್ತಿಲ ಮೇಲೆ ಆ ಕಾರಿನ ಪೆಟ್ರೋಲ್ ಮುಚ್ಚಳವನ್ನಿಟ್ಟ. ಪಕ್ಕದಲ್ಲಿ ಮೂರು ತಗಡಿನ ಚೂರು.

"ಇವೆಲ್ಲ ಅವನೇ ಕಲಸಿಟ್ಟ ಬಣ್ಣಗಳು. ಕಾರಿನ ಕೆಂಪಿಗೆ ಹೊಂದೋದು ಯಾವುದು ಅಂತ ಬೆರಳು ತೋರಿಸಿ, ಸಾಕು. ಸಂಜೆ ಇವನು ಹೊಡೆದುಬಿಡ್ತಾನೆ."

ಮಾಲೀಕ ತೋರಿಸಿದ್ದು ಫಿಟ್ಟರನನ್ನು. ಅವನು ಮತ್ತೆ ಕೆಮ್ಮಿದ.

"ಎಲ್ಲಿ ಹೊಡೀತಾರೆ?" ಅವಳು ಕೇಳಿದಳು.

"ಎಲ್ಲಿ ಅಂದ್ರೆ? ಅದೇ ರೂಮಲ್ಲಿ."

"ಫ್ಯಾನು?"

"ಈ ಕಾರೊಂದು ಹೋಗ್ಲಿ ಅಮ್ಮ."

ನಡುವಿನ ಚೂರು ಇಟ್ಟ ಕ್ಷಣವೇ ಮುಚ್ಚಳದ ಕೆಂಪಿನಲ್ಲಿ ಕರಗಿಹೋದದ್ದನ್ನು ಅವಳು ಕಂಡಿದ್ದಳು. ಬೀದಿಯಲ್ಲಿ ಶವದ ಗಾಡಿ ಬಂದು ನಿಂತಿತು.

"ಬೇಗ ಹೇಳಿಬಿಡಿ, ಗಾಡಿ ಬಂತು."

"ಹೇಳಲ್ಲ."

"ಏನಮ್ಮ ಇದು? ಇಂಥಾ ಹೊತ್ತಲ್ಲಿ..."

"ಇಂಥಾ ಹೊತ್ತಲ್ಲಿ ನೀವು ಕೇಳಿದ್ರಿ. ನಾನು ಹೇಳಲ್ಲ."

ಅವಳು ಬಗ್ಗಿ ಚೂರುಗಳನ್ನು ಒಂದೊಂದಾಗಿ ಕವುಚಿ ಹಾಕಿದಳು. ಬಣ್ಣವಿಲ್ಲದ ಮೂರು ಬೆನ್ನುಗಳೂ ಬಿಸಿಲಿಗೆ ಒಂದೇ ಸಮನೆ ಹೊಳೆದವು.