ಹಿಂದೆ ನಿಲ್ಲುವವರು

"ಈ ಪೆನ್ನೂ ಇವತ್ತೇ ಕೈ ಕೊಡ್ಬೇಕಿತ್ತು" ಎನ್ನುತ್ತ ಸರ್ಜರಿ ವಿಭಾಗದ ಉಪಮುಖ್ಯಸ್ಥರು ಶವದ ಗಾಡಿಯ ಬಾನೆಟ್ಟಿನ ಮೇಲೆ ಫಾರಂ ಹರವಿ, ಅಂಗೈ ಮೇಲೆ ಎರಡು ಗೀಟು ಎಳೆದು ನೋಡಿದರು. ಡ್ರೈವರು ಒಳಗಿನಿಂದಲೇ ಕತ್ತು ಚಾಚಿದ. ಹಿರಿಯ ಡಾಕ್ಟರ ದೇಹ ಇನ್ನೂ ಮನೆಯೊಳಗೇ ಇತ್ತು.

"ಈಗಲೇ ಬೇಕಾ ಸರ್?" ಎಂದಳು ಮರಿ ಡಾಕ್ಟರ್.

"ನಾಲ್ಕಕ್ಕೆ ಪರೀಕ್ಷಾ ಸಮಿತಿ ಕೂರುತ್ತಮ್ಮ. ಇವತ್ತು ತಪ್ಪಿದ್ರೆ ಮುಂದಿನ ಸಭೆ ಆರು ತಿಂಗಳಿಗೆ. ಅಲ್ಲೀವರೆಗೆ ನಿನಗೆ ಕೆಲಸ ಕೊಡ್ತೀವಿ ಅಂದಿರೋ ಆ ಆಸ್ಪತ್ರೆಯೋರು ಜಾಗ ಖಾಲಿ ಇಟ್ಕೊಂಡು ಕಾಯ್ತಾರಾ?"

ಮರಿ ಡಾಕ್ಟರ್ ಎಂದು ಹೆಸರಿಟ್ಟವರು ಆಪರೇಷನ್ ಥಿಯೇಟರಿನವರು. ಅವಳಿಗೆ ಮೂವತ್ತಾರು ವರ್ಷ, ತಲೆಯಲ್ಲಿ ನಾಲ್ಕಾರು ಬಿಳಿಕೂದಲು. ಸರ್ಜನ್ ಆಗಿ ಆರು ವರ್ಷ ಕೆಲಸ ಮಾಡಿದ ಮೇಲೆ, ಲಿವರಿನ ದೊಡ್ಡ ಆಪರೇಷನ್‌ಗಳನ್ನು ಕಲಿಯಲು ಎರಡು ವರ್ಷದ ಫೆಲೋಶಿಪ್ಪಿಗೆ ಸೇರಿ ಮತ್ತೆ ಮರಿಯಾಗಿದ್ದಳು.

ಫಾರಂನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಯಾರ ಮೇಲ್ವಿಚಾರಣೆಯೂ ಇಲ್ಲದೆ ಇವರು ಆಪರೇಷನ್ ಮಾಡಬಲ್ಲರೇ? ಮೊದಲು ನಲವತ್ತೊಂದು ಪ್ರಶ್ನೆಗಳಿದ್ದವು. ಹಿರಿಯ ಡಾಕ್ಟರು ಒಂಬತ್ತು ವರ್ಷ ಸಮಿತಿಯವರ ತಲೆ ತಿಂದು ನಲವತ್ತನ್ನು ಹೊಡೆದುಹಾಕಿಸಿದ್ದರು. ಪುಸ್ತಕ ಬರೆಯಲಿಲ್ಲ, ಪದಕ ಬರಲಿಲ್ಲ. ಅವರ ಸಾಧನೆ ಎಂದರೆ ಈ ಖಾಲಿ ಹಾಳೆ, ಮತ್ತು ಅದರಲ್ಲಿ 'ಹೌದು' ಬರೆಸಿಕೊಂಡು ಹೋದ ಇಪ್ಪತ್ತಮೂರು ಜನ.

"ನಮ್ಮಲ್ಲಿ ಪದ್ಧತಿ ಏನು? ಆಪರೇಷನ್ ಮಧ್ಯೆ ಹಿಂದೆ ನಿಂತು ನೋಡೋ ಹಿರಿಯರು ಆಚೆ ಹೋದ್ರೆ ಕಲಿಯೋರು ಪಾಸು. ಹೋದ್ರಲ್ಲ?"

"ಹೋಗಿ ಸತ್ತರಲ್ಲ ಸರ್."

ಉಪಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿದರು.

*

ಅದು ನಡೆದದ್ದು ಬುಧವಾರ, ಅವಳ ಕೊನೆಯ ಪರೀಕ್ಷೆಯ ದಿನ. ಹಿರಿಯ ಡಾಕ್ಟರು ಎಂದಿನಂತೆ ಅವಳ ಬಲಭುಜದ ಹಿಂದೆ, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರು. ಮಾತಿಲ್ಲ, ಕೆಮ್ಮಿಲ್ಲ. ಕಲಿಯುವವರು ಅವರನ್ನು ಗುಟ್ಟಾಗಿ 'ಕಂಬ' ಎನ್ನುತ್ತಿದ್ದರು. ಅವರು ಕಲಿಸಿದ ಮೊದಲ ಪಾಠವೇ, "ನನ್ನ ಮುಖ ನೋಡ್ಬೇಡ, ಅದ್ರಲ್ಲಿ ಏನೂ ಬರೆದಿಲ್ಲ. ಗಾಯ ನೋಡು."

ಅವಳು ಗಾಯವನ್ನೇ ನೋಡಿದಳು. ಲಿವರಿನ ರೋಗ ಹಿಡಿದ ಭಾಗವನ್ನು ಬೇರ್ಪಡಿಸುತ್ತ ದೊಡ್ಡ ರಕ್ತನಾಳದವರೆಗೆ ಬಂದಳು. ಅಲ್ಲಿ ಒಂದು ಕೂದಲಷ್ಟು ತಪ್ಪಿದರೂ ರೋಗಿ ಕೈಬಿಟ್ಟು ಹೋಗುತ್ತಾನೆ. ನಾಳವನ್ನು ಕಟ್ಟಿದಳು, ಕತ್ತರಿಸಿದಳು. ಗಂಟು ನಿಂತಿತು.

ಆಗ ಬೆನ್ನ ಹಿಂದೆ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು.

ಅವಳು ಒಳಗೊಳಗೇ ಕುಣಿದಳು. ಮುಖಗವಸಿನ ಹಿಂದೆ ನಕ್ಕಳು ಕೂಡ. ಮುಕ್ಕಾಲು ಗಂಟೆ ಬಿಟ್ಟು, ಕೈಗವಸು ಕಳಚಿ, ಅವರ ಬಾಯಿಂದ ಒಂದು 'ಹೂಂ' ಕೇಳಲು ಹೊರಗೆ ಬಂದರೆ ಕಾರಿಡಾರಿನಲ್ಲಿ ಅವರು ಒರಗಿದ್ದ ಬೆಂಚಿನ ಸುತ್ತ ಜನ ಸೇರಿತ್ತು.

*

ಮನೆಯ ನಡುಕೋಣೆಯಲ್ಲಿ ಇಟ್ಟಿದ್ದ ಫೋಟೋದಲ್ಲಿ ಹಿರಿಯ ಡಾಕ್ಟರ ಪಕ್ಕ ಯಾರದೋ ಅರ್ಧ ಭುಜವಿತ್ತು. ಅವರೊಬ್ಬರೇ ಇರುವ ಫೋಟೋ ಸಿಗದೆ ಗುಂಪಿನ ಫೋಟೋದಿಂದ ಕತ್ತರಿಸಿದ್ದರು. ಅಲ್ಲೂ ಅವರಿದ್ದದ್ದು ಕೊನೆಯ ಸಾಲಿನಲ್ಲೇ.

ಥಿಯೇಟರಿನ ಸಿಸ್ಟರ್ ಮರಿ ಡಾಕ್ಟರ ಮೊಣಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಉಪಮುಖ್ಯಸ್ಥರೂ ಹಿಂದೆಯೇ ಬಂದರು.

"ಒಂದು ಮಾತು ಹೇಳ್ಬಿಡ್ತೀನಿ, ಇಲ್ದಿದ್ರೆ ನನಗೆ ಅನ್ನ ಸೇರಲ್ಲ" ಎಂದರು ಸಿಸ್ಟರ್. "ಅವರಿಗೆ ಥಿಯೇಟರಿನೊಳಗೇ ಎದೆನೋವು ಶುರುವಾಗಿತ್ತು. ಮೈಯೆಲ್ಲಾ ಬೆವರು, ಗೋಡೆಗೆ ಒರಗಿಬಿಟ್ರು. ಕೂತ್ಕೊಳಿ ಸರ್, ಯಾರನ್ನಾದ್ರೂ ಕರೀತೀನಿ ಅಂದೆ. ಬೇಡ ಅಂತ ತಲೆ ಅಲ್ಲಾಡಿಸಿದ್ರು. ಹದಿನೈದು ನಿಮಿಷ ಹಾಗೇ ನಿಂತಿದ್ರು. ನೀವು ನಾಳ ಕಟ್ಟಿದ ಮೇಲೇ ಹೋಗಿದ್ದು. ನಾನಾದ್ರೂ ಕೂಗ್ಬೇಕಿತ್ತು." ಸಿಸ್ಟರ್ ಅತ್ತುಬಿಟ್ಟರು.

"ನೋಡಿದ್ಯಾ? ಕಟ್ಟಿದ್ದು ನೋಡಿ ನಂಬಿಕೆ ಬಂತು, ಹೋದ್ರು!" ಎಂದರು ಉಪಮುಖ್ಯಸ್ಥರು.

"ನಂಬಿಕೆ ಇದ್ದಿದ್ರೆ ನೋವು ಬಂದ ತಕ್ಷಣ ಹೋಗ್ತಿದ್ರು ಸರ್. ನನ್ನ ಕೈಗೆ ರೋಗಿನ ಬಿಟ್ಟು ಹೋಗೋಕೆ ಧೈರ್ಯ ಬರ್ಲಿಲ್ಲ."

"ನಡೆಯೋಕೇ ಆಗ್ಲಿಲ್ವೇನೋ" ಎಂದರು ಸಿಸ್ಟರ್, ಮೂಗು ಒರೆಸಿಕೊಳ್ಳುತ್ತ.

ಮೂರು ಮಾತೂ ಸರಿಯೆನಿಸುತ್ತಿದ್ದವು, ಅದೇ ತೊಂದರೆ.

"ಏನದು ಗುಸುಗುಸು?" ಬಾಗಿಲಲ್ಲಿ ಹಿರಿಯ ಡಾಕ್ಟರ ಹೆಂಡತಿ ನಿಂತಿದ್ದರು.

ಮರಿ ಡಾಕ್ಟರ್ ಮುಚ್ಚಿಡಲಿಲ್ಲ. "ಅಮ್ಮ, ಅವರಿಗೆ ನೋವು ಬಂದಾಗ ಪಕ್ಕದಲ್ಲೇ ಇದ್ದೆ. ತಲೆ ಎತ್ತಿ ನೋಡಿದ್ದಿದ್ರೆ ಉಳೀತಿದ್ರೋ ಏನೋ. ನೋಡ್ಲಿಲ್ಲ."

ಆಕೆ ಒಲೆಯ ಮುಂದೆ ಬಂದು ನಿಂತರು. "ನೋಡಿದ್ರೂ ಏನು ಗೊತ್ತಾಗ್ತಿತ್ತೇ ನಿಂಗೆ? ನಲವತ್ತು ವರ್ಷ ಇಲ್ಲಿ ನನ್ನ ಹಿಂದೆ ಬಂದು ನಿಲ್ತಿದ್ರು. ಮೆಚ್ಕೊಂಡು ನಿಂತ್ರೋ, ತಪ್ಪು ಹುಡುಕೋಕೆ ನಿಂತ್ರೋ, ಹಸಿವಾಗಿ ನಿಂತ್ರೋ, ದೇವರಾಣೆ ಗೊತ್ತಿಲ್ಲ. ಕೇಳಿದ್ರೆ ಹೂಂ ಅಂತಿದ್ರು." ಅವರು ನಕ್ಕರು. ನಗು ಅರ್ಧಕ್ಕೇ ಅಳುವಾಯಿತು.

ಉಪಮುಖ್ಯಸ್ಥರು ಗಡಿಯಾರ ನೋಡಿಕೊಂಡು ಮೆಲ್ಲಗೆ ಕೇಳಿದರು. "ಹೌದು ಅಂತ ಬರೀಲೇನಮ್ಮ?"

"ಬೇಡ ಸರ್. ಇನ್ನೊಂದು ಆಪರೇಷನ್ ಮಾಡ್ತೀನಿ, ನೀವು ನಿಂತು ನೋಡಿ. ಆದ್ರೆ ಹೋಗೋವಾಗ ಬಾಯಿಬಿಟ್ಟು ಹೇಳಿ ಹೋಗ್ಬೇಕು. ನೋವಾದ್ರೂ ಹೇಳ್ಬೇಕು. ಅದನ್ನ ನಿಯಮದಲ್ಲಿ ಸೇರಿಸಿ."

"ಆ ಕೆಲಸ?"

"ಹೋದ್ರೆ ಹೋಗ್ಲಿ."

ಹೇಳಿಬಿಟ್ಟಳು. ಹೇಳಿದ್ದು ಸರಿಯೋ, ಬರೀ ಮೊಂಡಾಟವೋ ಅವಳಿಗೇ ತಿಳಿಯಲಿಲ್ಲ. ಉಪಮುಖ್ಯಸ್ಥರು ಫಾರಂ ಮಡಚಿ ಜೇಬಿಗೆ ತುರುಕಿಕೊಂಡರು.

*

ವಿದ್ಯುತ್ ಚಿತಾಗಾರದ ಕೆಲಸದವನು ಗೋಡೆಯ ಹಸಿರು ಗುಂಡಿ ತೋರಿಸಿದ. "ಮನೆಯವರು ಒಬ್ರು ಒತ್ತಿದ್ರೆ ಸಾಕು, ದೇಹ ಒಳಗೆ ಹೋಗುತ್ತೆ. ಮಿಕ್ಕವರು ಆಚೆ ಇರಿ."

ದಂಪತಿಗೆ ಮಕ್ಕಳಿರಲಿಲ್ಲ. ಹೆಂಡತಿಯೇ ಮುಂದೆ ಹೋದರು. ಉಪಮುಖ್ಯಸ್ಥರು, ಸಿಸ್ಟರ್, ಎಲ್ಲೆಲ್ಲಿಂದಲೋ ಬಂದಿದ್ದ ಹಳೆಯ ಶಿಷ್ಯರು ಒಬ್ಬೊಬ್ಬರಾಗಿ ಹೊರಗೆ ನಡೆದರು. ಮರಿ ಡಾಕ್ಟರೂ ತಿರುಗಿದಳು.

"ನೀನು ಇರೇ" ಎಂದರು ಆಕೆ, ಗೋಡೆಯ ಕಡೆಗೇ ಮುಖ ಮಾಡಿಕೊಂಡು. "ನನ್ನ ಹಿಂದೆ ನಿಂತ್ಕೋ."

ಅವಳು ಹೋಗಿ ನಿಂತಳು. ಕೈ ಎಲ್ಲಿಡಬೇಕೋ ಗೊತ್ತಾಗದೆ ಬೆನ್ನ ಹಿಂದೆ ಕಟ್ಟಿಕೊಂಡಳು. ಆಕೆಯ ಬೆರಳು ಗುಂಡಿಯ ಹತ್ತಿರ ಹೋಗಿ, ಮತ್ತೆ ಹಿಂದೆ ಬಂತು. ಅದನ್ನು ಹಿಡಿದು ತಾನೇ ಒತ್ತಿಬಿಡೋಣವೆಂದು ಮರಿ ಡಾಕ್ಟರ ಕೈ ತುಡಿಯಿತು. ಒಂದು ಕೈಯನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದುಕೊಂಡಳು.

"ಇದ್ದೀಯೇನೇ?"

"ಇದ್ದೀನಮ್ಮ."

"ಒತ್ತಲಾ?"

"ನಿಮಗೆ ಯಾವಾಗ ಅನ್ಸುತ್ತೋ ಆಗ."

ಕೆಲಸದವನು ಒಮ್ಮೆ ಕೆಮ್ಮಿದ. ಇಬ್ಬರೂ ತಿರುಗಲಿಲ್ಲ.