ಸ್ಥಳ ಪರಿಶೀಲಿಸಲಾಗಿದೆ

ಈ ಬಾಣದ ಮೂತಿ ಯಾಕೋ ಸರಿಯಿಲ್ಲ, ನಕ್ಷೆಯ ಉಳಿದ ಬಾಣಗಳೆಲ್ಲ ಒಂದೇ ಸಲಕ್ಕೆ ಎಳೆದ ಹಾಗಿವೆ, ಇದೊಂದು ಮಾತ್ರ ದಪ್ಪ, ಅಡಿಯಲ್ಲಿ ಅಳಿಸಿದ ಕಲೆ ಬೇರೆ, ನೀರು ಮೊದಲು ರಸ್ತೆಯ ಚರಂಡಿಗೆ ಹೋಗುತ್ತಿತ್ತು, ಈಗ ಪೂರ್ವಕ್ಕೆ ತಿರುಗಿದೆ — ನೀರಿಗೇನು, ಕಾಗದದ ಮೇಲೆ ಹೇಳಿದ ಕಡೆಗೆ ಹರಿಯುತ್ತದೆ. ಪೂರ್ವಕ್ಕೆ ಏನಿದೆ, ಖಾಲಿ ಜಾಗ ಎಂದು ಬರೆದಿದೆ, ಬರೆದ ಸರ್ವೆಯರ್ ನನ್ನ ಸ್ವಂತ ಅಣ್ಣ, ಆ ಅಕ್ಷರ ನನಗೆ ಗೊತ್ತಿಲ್ಲವೇ, ನನ್ನ ಶಾಲೆಯ ಪುಸ್ತಕಗಳಿಗೆಲ್ಲ ಬೈಂಡು ಹಾಕಿ ಹೆಸರು ಬರೆದುಕೊಟ್ಟ ಅಕ್ಷರ. ಆದರೆ ಆ ಖಾಲಿ ಜಾಗದಲ್ಲಿ ಮನೆಯಿದೆ ಎನ್ನುವ ಟೈಲರ್ ಒಬ್ಬಳು ಬೆಳಗ್ಗೆಯಿಂದ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ, ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಆಕ್ಷೇಪಣೆಯ ಅರ್ಜಿ. ನಾನು ಸಹಿ ಹಾಕಿದರೆ ದಿಣ್ಣೆಯ ನೀರೆಲ್ಲ ಅವಳ ಗೋಡೆಗೆ ಬಂದು ಬೀಳುತ್ತದಂತೆ.

ಗೋದಾಮು ಕಟ್ಟಲು ದಿಣ್ಣೆ ಸಮತಟ್ಟು ಮಾಡುವ ಪರವಾನಗಿಗೆ ಬೇಕಾದದ್ದೆಲ್ಲ ಕಡತದಲ್ಲಿದೆ, ಅದೇ ಅನುಮಾನ, ಇಷ್ಟು ಅಚ್ಚುಕಟ್ಟಾದ ಕಡತವನ್ನು ಈ ನಗರಸಭೆಯಲ್ಲಿ ನಾನು ಕಂಡೇ ಇಲ್ಲ, ಈಗಿನ ಎತ್ತರ, ಅಗೆದ ಮೇಲಿನ ಎತ್ತರ, ಮಣ್ಣು ಎಲ್ಲಿಗೆ ಹೋಗುತ್ತದೆ, ತಡೆಗೋಡೆ ಎಷ್ಟು ಉದ್ದ, ನೆರೆಯವರ ಒಪ್ಪಿಗೆ — ನೆರೆಯವರೇ ಇಲ್ಲ ಎಂದ ಮೇಲೆ ಒಪ್ಪಿಗೆ ಯಾರದು. ಗುಮಾಸ್ತ ಬಾಗಿಲಲ್ಲಿ ಸುಳಿದಾಡುತ್ತಾನೆ, ಮೇಡಂ ಸಹಿ ಒಂದೇ ಬಾಕಿ, ಗೋದಾಮಿನವರ ಮಣ್ಣು ತೆಗೆಯೋ ಮಷಿನ್ ಬಂದು ನಿಂತಿದೆ, ಇವನಿಗೇಕೆ ಈ ಅವಸರ, ಒಂದು ಕಾಗದ ಹುಡುಕಲು ವಾರ ತಿನ್ನುವ ಆಸಾಮಿ. ಅಣ್ಣನೂ ಹೀಗೇ, ವರ್ಷಕ್ಕೊಮ್ಮೆ ಮುಖ ತೋರಿಸುವವನು ಒಂದೇ ತಿಂಗಳಲ್ಲಿ ಮೂರು ಸಲ ಮನೆಗೆ ಬಂದ, ಅಮ್ಮನ ಮಾತ್ರೆ ತಂದ, ಸೋರುವ ನಲ್ಲಿ ಸರಿ ಮಾಡಿದ, ನನಗೆಷ್ಟು ಖುಷಿಯಾಗಿತ್ತು, ನಲ್ಲಿಯ ಮುಂದೆ ಬಗ್ಗಿಕೊಂಡೇ ಕೇಳಿದ, ಆ ಫೈಲು ನಿನ್ನ ಟೇಬಲ್ಲಿಗೇ ಬರತ್ತಲ್ವಾ. ಛೆ, ಒಡಹುಟ್ಟಿದವನ ಮೇಲೆ ಇಂಥ ಯೋಚನೆ — ಆದರೆ ಸ್ಥಳ ಪರಿಶೀಲನೆಯ ದಿನ ಕಾರು ತಂದವನೂ ಅವನೇ, ದಿಣ್ಣೆಯ ಮೇಲೆ ನಿಲ್ಲಿಸಿ, ನೀನು ಇಳೀಬೇಡ ಪುಟ್ಟಿ, ಕೆಸರು, ಚಪ್ಪಲಿ ಹಾಳಾಗತ್ತೆ, ನಾನೇ ಸುತ್ತಾಡ್ಕೊಂಡು ಬರ್ತೀನಿ ಅಂದ, ನಲವತ್ತೆರಡಾದ ನನ್ನನ್ನು ಪುಟ್ಟಿ ಎನ್ನುವವರು ಇನ್ನು ಯಾರಿದ್ದಾರೆ, ಕಾರಿನಲ್ಲೇ ಕೂತೆ, ಕೂತಲ್ಲೇ ಬರೆದೆ, ಸ್ಥಳ ಪರಿಶೀಲಿಸಲಾಗಿದೆ. ಮನೆ ಇದ್ದಿದ್ದರೆ ಅವನು ಹೇಳುತ್ತಿರಲಿಲ್ಲವೇ.

ಟೈಲರನ್ನು ಒಳಗೆ ಕರೆಸಿದೆ, ಅಲ್ಲಿ ನಿಮ್ಮ ಮನೆ ಇದೆ ಅನ್ನೋದಕ್ಕೆ ಏನು ದಾಖಲೆ, ಧ್ವನಿ ಬೇಕೆಂದೇ ಗಡುಸು ಮಾಡಿದೆ, ಇವಳನ್ನೂ ಯಾರೋ ಕಳಿಸಿರಬೇಕು, ಅವಳು ನಳದ ಸಂಪರ್ಕದ ಚೀಟಿ ಮುಂದಿಟ್ಟಳು, ನಮ್ಮದೇ ಕಚೇರಿಯ ಸೀಲು, ಹದಿನಾರು ವರ್ಷದ ಹಿಂದಿನದು. ದಾಖಲೆ ಯಾಕೆ ಮೇಡಂ, ನೀವೇ ನೋಡಿದೀರಲ್ಲ, ಅವತ್ತು ಕಾರಲ್ಲಿ ಕೂತಿದ್ರಿ, ನಾನು ಕೆಳಗೆ ಗೋಡೆ ಹತ್ರ ನಿಂತು ಕೈ ಬೀಸಿದೆ, ಬನ್ನಿ, ಇಲ್ಲಿ ಮನೆ ಇದೆ, ಇಳಿದು ನೋಡಿ ಅಂತ. ನೀವು ಟಾಟಾ ಮಾಡಿದ್ರಿ.

ಮಾಡಿದ್ದೆ. ಗೋಡೆ ಕಂಡಿತ್ತು, ತಗಡಿನ ಸೂರು, ಹಗ್ಗದ ಮೇಲೆ ಬಟ್ಟೆ, ಎಲ್ಲ ಕಂಡಿತ್ತು, ಅಣ್ಣ ನನ್ನ ಕಣ್ಣಿಗೆ ಮಣ್ಣೆರಚಿದ ಎಂದುಕೊಂಡಿದ್ದೆ, ಕಣ್ಣು ತೆರೆದೇ ಇತ್ತಲ್ಲ — ಗುಮಾಸ್ತ ಮುಚ್ಚಳ ತೆಗೆದ ಪೆನ್ನು ಚಾಚುತ್ತಾನೆ, ಮೇಜಿನ ಮೇಲೆ ಅಣ್ಣನ ಫೋನು ಬರುತ್ತಿದೆ, ಬರುತ್ತಲೇ ಇದೆ, ಪೆನ್ನು ದೂಡಲು ಕೈ ಎತ್ತುತ್ತೇನೆ, ಎತ್ತಿದ ಕೈ ಅಲ್ಲೇ ನಿಲ್ಲುತ್ತದೆ, ಕಾರಿನ ಗಾಜು, ಗಾಜಿನಾಚೆ ಅವಳ ಕೈ ಬನ್ನಿ ಬನ್ನಿ, ಈಚೆ ನನ್ನ ಕೈ, ಐದೂ ಬೆರಳು ಬಿಡಿಸಿ, ಟಾಟಾ, ಅವಳ ಕೈ ಬನ್ನಿ ಬನ್ನಿ, ನನ್ನ ಕೈ ಟಾಟಾ, ಟಾಟಾ —