ಬಾಗಿಲು ನೋಡದ ಕಾವಲುಗಾರ

ಅವನು ಕಾವಲಿಗೆ ಬಂದ ದಿನವೇ ಅಕ್ಕ ಅವನಿಗೆ ‘ಕಂಬ’ ಎಂದು ಹೆಸರಿಟ್ಟಳು. ಅಮ್ಮ ನ್ಯಾಯಾಧೀಶೆ. ದೊಡ್ಡವರ ಮೊಕದ್ದಮೆಯೊಂದು ಅವರ ಮುಂದೆ ನಡೆಯುತ್ತಿದ್ದಾಗ, ಕಿರಿಮಗಳನ್ನು ಎತ್ತಿಕೊಂಡು ಹೋಗುತ್ತೇವೆಂಬ ಬೆದರಿಕೆ ಪತ್ರ ಬಂದಿತ್ತು. ಅಂದಿನಿಂದ, ಆ ಕಿರಿಮಗಳು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿಯುವಷ್ಟು ಹೊತ್ತೂ ಅವನು ಬಾಗಿಲ ಬಳಿ ನಿಂತಿರುತ್ತಿದ್ದ.

ಮನಸ್ಸಿನ ಕಾಯಿಲೆ ಹೆಚ್ಚಾದ ದಿನಗಳಲ್ಲಿ ಆಕೆ, “ಕಪಾಟಿನ ಹಿಂದೆ ಯಾರೋ ಇದಾರೆ” ಎಂದರೆ ಮನೆಯವರು ಕೂತಲ್ಲಿಂದಲೇ, “ಯಾರೂ ಇಲ್ಲ, ಮಾತ್ರೆ ತಗೊಂಡ್ಯಾ?” ಎನ್ನುತ್ತಿದ್ದರು. ಇವನು ಹೋಗಿ ಇಣುಕಿ ಬಂದು, “ನೋಡಿದೆ. ಯಾರೂ ಇಲ್ಲ” ಎನ್ನುತ್ತಿದ್ದ. ಹತ್ತು ಸಲ ಕೇಳಿದರೆ ಹತ್ತು ಸಲವೂ ನೋಡುತ್ತಿದ್ದ. ನೋಡದೆ ಹೇಳುವುದು ಅವನ ಕಸುಬಿನಲ್ಲಿ ತಪ್ಪು.

ಈಚೆಗೆ ಆಕೆಗೆ ಬೇರೆಯದೇ ಭಯ ಹಿಡಿದಿತ್ತು. ಅವನಿಗೆ ತನ್ನ ಮೇಲೆ ಮನಸ್ಸಾಗಿದೆ ಅನ್ನಿಸತೊಡಗಿತ್ತು. ಆರು ವರ್ಷದ ಹಿಂದೆ, ಟೀವಿಯಲ್ಲಿ ವಾರ್ತೆ ಓದುವವನೊಬ್ಬ ತನಗೆ ಪ್ರೇಮದ ಸನ್ನೆ ಮಾಡುತ್ತಿದ್ದಾನೆಂದು ನಂಬಿ, ಸೂಟ್‌ಕೇಸ್ ಹಿಡಿದು ಅವನ ಕಚೇರಿಯ ಗೇಟಿಗೆ ಹೋಗಿ ನಿಂತವಳು ಆಕೆ. ಆ ನಂಬಿಕೆಯೂ ಹೀಗೆಯೇ, ಬೆಳಗಿನಷ್ಟು ಸ್ಪಷ್ಟವಾಗಿತ್ತು.

“ಅಕ್ಕಾ, ಕಂಬ ನನ್ನನ್ನ ನೋಡ್ತಾನಲ್ಲ, ಅದು ನಿಜವಾ, ನನ್ನ ತಲೇದಾ?”

“ನೋಡೋಕೇ ಅಲ್ವೇನೇ ಅವನನ್ನ ಇಟ್ಟಿರೋದು!” ಎಂದು ನಕ್ಕ ಅಕ್ಕ ತಟ್ಟನೆ ಗಂಭೀರಳಾದಳು. “ಮಾತ್ರೆ ತಪ್ಪಿಸಿಲ್ಲ ತಾನೇ?”

ತಪ್ಪಿಸಿರಲಿಲ್ಲ. ಆದರೂ ಆಕೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಎರಡು ದಿನ ಕಳೆದು ಅವನೇ ಹೇಳಿದ. “ನಾಳೆಯಿಂದ ಬೇರೆಯವರು ಬರ್ತಾರೆ.”

“ನನ್ನ ಕಾಯಿಲೆ ಸಾಕಾಯ್ತಾ?”

“ಅಯ್ಯೋ, ಅದಲ್ಲ. ತಪ್ಪು ನಂದು. ಮೊನ್ನೆ ಬಡಗಿ ಒಳಗೆ ಬಂದು, ಮೇಜಿನ ಕಾಲು ಬಡಿದು ಸರಿ ಮಾಡಿ ಹೋದ. ಅವನು ಹೋದ ಮೇಲೇ ನನಗೆ ಗೊತ್ತಾಗಿದ್ದು.”

“ಅಷ್ಟು ಸದ್ದಾದ್ರೂನಾ? ಏನ್ ನೋಡ್ತಿದ್ರಿ?”

ಅವನ ಕಿವಿ ಕೆಂಪಾಯಿತು. “ನೀವು ಸೂಜಿಗೆ ದಾರ ಪೋಣಿಸ್ತಿದ್ರಿ. ಬಂದವನು ಬಡಗಿ ಅಲ್ಲದೆ ಇನ್ಯಾರೋ ಆಗಿದ್ರೆ? ಕಾವಲಿಗೆ ನಾನು ಲಾಯಕ್ಕಿಲ್ಲ ಅಂತ ಬರೆದು ಕೊಟ್ಟೆ.” ಇನ್ನೇನೋ ಹೇಳಹೊರಟು ತಡೆದುಕೊಂಡ. “ಇವತ್ತು ಇನ್ನೂ ಕೆಲಸದಲ್ಲಿದೀನಿ. ಹೆಚ್ಚು ಮಾತಾಡಬಾರದು.”

ಅವನು ಹೋದ ಮೇಲೆ ಆಕೆ ಐದು ದಿನ ಆ ಮಾತುಗಳನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಅವನು ಆಡಿದ್ದೆಷ್ಟು, ತಾನು ಸೇರಿಸಿಕೊಂಡದ್ದೆಷ್ಟು? ಆ ಮಾತಿಗೆ ಸಾಕ್ಷಿ ಹೇಳಲು ಅಂದು ಬಡಗಿಯೂ ಅಲ್ಲಿರಲಿಲ್ಲ.

ಹೊಸದಾಗಿ ಕಾವಲಿಗೆ ಬಂದವಳು ಗಟ್ಟಿಗಿತ್ತಿ. ಸೊಳ್ಳೆ ಬಂದರೂ ಅದರ ಊರು ಕೇಳಿಯೇ ಒಳಗೆ ಬಿಡುವಂಥವಳು. ಆರನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಅವಳ ಗದರು ದನಿ ಕೇಳಿತು.

“ಯಾರ್ರೀ? ಕೈ ಮೇಲೆ ಮಾಡಿ. ಏನ್ ಕೆಲಸ ಇಲ್ಲಿ?”

ಎರಡೂ ಕೈ ಎತ್ತಿ ನಿಂತವನು ಕಂಬ. ಸಮವಸ್ತ್ರವಿಲ್ಲದೆ ಸ್ವಲ್ಪ ಸಣ್ಣಗಾದಂತೆ ಕಂಡ.

“ಕೆಲಸ ಏನಿಲ್ಲ. ಅವರ ಮೇಲೆ ನನಗೆ ಮನಸ್ಸಾಗಿದೆ. ಅವರಿಗೂ ಇಷ್ಟ ಇದ್ರೆ ಮಾತಾಡೋಣ ಅಂತ ಬಂದೆ. ಬೇಡ ಅಂದ್ರೆ ಹೋಗ್ತೀನಿ.”

ಆಕೆಯ ಬೆರಳು ಸೂಜಿಯ ಮೇಲೇ ನಿಂತಿತು. ಅವನ ಮುಖವನ್ನು ನೋಡಲಿಲ್ಲ. ಕಾವಲಿನವಳನ್ನು ಕೇಳಿದಳು.

“ಇವರು ಈಗ ಏನೋ ಹೇಳಿದ್ರಲ್ಲ, ನಿಮಗೂ ಕೇಳಿಸ್ತಾ?”

“ನಾನೇನು ಕಿವುಡಿನಾ ಮೇಡಂ?”

“ಏನಂದ್ರು? ಇದ್ದಿದ್ದು ಇದ್ದ ಹಾಗೆ ಹೇಳಿ.”

“ನಿಮ್ಮ ಮೇಲೆ ಮನಸ್ಸಾಗಿದೆಯಂತೆ,” ಎಂದಳು ಅವಳು, ಅವನ ಜೇಬು ತಡಕುತ್ತಲೇ. “ಜೇಬಲ್ಲಿ ಒಂದು ಬಾಚಣಿಗೆ ಬಿಟ್ರೆ ಇನ್ನೇನೂ ಇಲ್ಲ. ಬಿಡ್ಲಾ, ಓಡಿಸ್ಲಾ?”

ಆಕೆಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡೂ ತನ್ನವೇ ಎಂಬುದರಲ್ಲಿ ಅನುಮಾನವಿರಲಿಲ್ಲ.

“ಬಿಡಿ,” ಎಂದು ಎದ್ದು, ಎದುರಿನ ಕುರ್ಚಿಯ ಮೇಲೆ ಪೇರಿಸಿಟ್ಟಿದ್ದ ಪುಸ್ತಕಗಳನ್ನು ಒಂದೊಂದಾಗಿ ಕೆಳಗಿಡತೊಡಗಿದಳು.